ಬ್ಯಾಕ್ಟೀರಿಯಾದ ವಂಶವಾಹಿ, ಮಟ್ಟುವಿನ ಗುಳ್ಳ



ಭತ್ತದ ಕೊಯ್ಲು ಮುಗಿದು ಚಳಿ ಕಾಲಿಡುವ ಹೊತ್ತಿಗೆ ಉಡುಪಿಯ ತರಕಾರಿ ಅಂಗಡಿಗಳಲ್ಲಿ ಒಂದು ವಿಶೇಷ ಬದನೆ ಕಾಣಿಸಿಕೊಳ್ಳುತ್ತದೆ. ಗುಂಡನೆಯ ಆಕಾರ, ತಿಳಿಹಸಿರು ಬಣ್ಣ, ಮೈಮೇಲೆ ಬಿಳಿಯ ಗೆರೆಗಳು, ತೊಟ್ಟಿನ ಮೇಲೆ ಪುಟ್ಟ ಮುಳ್ಳುಗಳು. ಸಿಪ್ಪೆ ತೆಳು, ಕಹಿ ಕಡಿಮೆ. ಹುಳಿಗೆ ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ. ಇದೇ ಮಟ್ಟುಗುಳ್ಳ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಅನೇಕರು ಇದನ್ನು ಉಂಡವರೇ. ಆದರೆ ಊಟದ ಎಲೆಯ ಮೇಲಿನ ಈ ಗುಳ್ಳಕ್ಕೂ, ಮಣ್ಣಿನಲ್ಲಿ ಕಣ್ಣಿಗೆ ಕಾಣದೆ ಬದುಕುವ ಬ್ಯಾಕ್ಟೀರಿಯಾಗಳಿಗೂ, ಸಾವಿರಾರು ಮೈಲಿ ದೂರದ ಪ್ರಯೋಗಾಲಯವೊಂದರಲ್ಲಿ ದುಡಿದ ಮಹಿಳಾ ವಿಜ್ಞಾನಿಯೊಬ್ಬರಿಗೂ ಇರುವ ನಂಟು ನಿಮಗೆ ಗೊತ್ತೇ? ಅದೇ ಇಂದಿನ ನಮ್ಮ ವಿಷಯ.

ಬ್ಯಾಕ್ಟೀರಿಯಾಗಳ ತಳಿವಿಜ್ಞಾನ ಮತ್ತು ಸಸ್ಯಗಳ ಜೀನೋಮ್ ಅಧ್ಯಯನ ಎಂಬ ಎರಡು ಶಾಖೆಗಳು ಹೇಗೆ ಹುಟ್ಟಿದವು, ಎಲ್ಲಿ ಕೂಡಿಕೊಂಡವು, ಕೂಡಿದಾಗ ನಮ್ಮ ಊರಿನ ಗದ್ದೆಗೆ ಏನು ಬಂತು ಎಂಬುದನ್ನು ಕ್ರಮವಾಗಿ ನೋಡೋಣ.

ಕಡಲು ಮತ್ತು ಹೊಳೆಯ ನಡುವೆ

ಉಡುಪಿಯಿಂದ ಕಾಪುವಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಉದ್ಯಾವರ ದಾಟಿದ ಮೇಲೆ ಕಟಪಾಡಿ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಮಟ್ಟು. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಹೊಳೆ. ನಡುವೆ ಮರಳು ಮಿಶ್ರಿತ ಮಣ್ಣಿನ ಕಿರಿದಾದ ಪಟ್ಟಿ. ಮಳೆಗಾಲದಲ್ಲಿ ಇಲ್ಲಿ ಭತ್ತ ಬೆಳೆಯುತ್ತಾರೆ. ಅದು ಮುಗಿದ ಮೇಲೆ ಅದೇ ಗದ್ದೆಗಳಲ್ಲಿ ಗುಳ್ಳದ ಸಸಿ ನೆಡುತ್ತಾರೆ.

ಈ ತಳಿಯ ಮೂಲದ ಬಗ್ಗೆ ಒಂದು ಐತಿಹ್ಯವಿದೆ. 16ನೆಯ ಶತಮಾನದಲ್ಲಿ ಸೋದೆ ಮಠದ ಯತಿಗಳಾಗಿದ್ದ ವಾದಿರಾಜರು ಹಯಗ್ರೀವ ದೇವರಿಗೆ ನಿತ್ಯ ನೈವೇದ್ಯ ಅರ್ಪಿಸುತ್ತಿದ್ದರು. ಒಮ್ಮೆ ಆ ನೈವೇದ್ಯಕ್ಕೆ ಯಾರೋ ವಿಷ ಬೆರೆಸಿದರು. ವಿಷದ ಪ್ರಭಾವ ನಿವಾರಣೆಯಾಗಲೆಂದು ವಾದಿರಾಜರು ಮಟ್ಟುವಿನ ಜನರಿಗೆ ಬದನೆಯ ಬೀಜ ಕೊಟ್ಟು ಬೆಳೆಸಿದರು. ಅದರ ನೈವೇದ್ಯದಿಂದ ವಿಷ ಇಳಿಯಿತು. ಇದು ಜನರ ನಂಬಿಕೆಯ ಕಥೆ. ಕಥೆಯನ್ನು ಕಥೆಯಾಗಿಯೇ ಇಟ್ಟುಕೊಂಡರೂ ಅದರೊಳಗೆ ಇತಿಹಾಸದ ಒಂದು ಎಳೆ ಇದೆ. ಒಂದು ನಿರ್ದಿಷ್ಟ ಊರಿನ ಕೃಷಿಕರು ತಲೆತಲಾಂತರದಿಂದ ಒಂದೇ ಬದನೆಯ ಬೀಜವನ್ನು ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಜೋಪಾನ ಮಾಡಿಕೊಂಡು ಬಂದಿದ್ದಾರೆ. ವರ್ಷದ ಮೊದಲ ಫಸಲು ಇಂದಿಗೂ ಉಡುಪಿಯ ಕೃಷ್ಣನಿಗೆ ಸಲ್ಲುತ್ತದೆ.

ಬೀಜವನ್ನು ಹೀಗೆ ಆರಿಸುವುದೂ ಒಂದು ತಳಿವಿಜ್ಞಾನವೇ. ಗಿಡದಲ್ಲಿ ಒಳ್ಳೆಯ ಕಾಯಿಯೊಂದನ್ನು ಕೀಳದೆ ಹಣ್ಣಾಗಲು ಬಿಡುವ ಕೃಷಿಕ, ತನಗೆ ಬೇಕಾದ ಗುಣಗಳನ್ನು ಮುಂದಿನ ಪೀಳಿಗೆಗೆ ಕಳಿಸುತ್ತಾನೆ. ಕಾರ್ಕಳದ ಕಜೆ ಅಕ್ಕಿ, ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ ಇವೆಲ್ಲ ಪ್ರಯೋಗಾಲಯವಿಲ್ಲದ ಕಾಲದ ಸಂಶೋಧನೆಯ ಫಲಗಳು. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ಸ್ಥಾಪಿಸಿದ ಸುಮಾರು 42 ಅಡಿಯ ಬಾಹುಬಲಿಯನ್ನು ಕಡೆದವರ ಹೆಸರನ್ನು ನಾವು ಕೇಳುತ್ತೇವೆ. ತಳಿಗಳನ್ನು ಕಡೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಈ ಮಾತನ್ನು ನೆನಪಿಡಿ. ಮುಂದೆ ಇದೇ ಒಂದು ದೊಡ್ಡ ಪ್ರಶ್ನೆಯಾಗಿ ನಮ್ಮೆದುರು ನಿಲ್ಲಲಿದೆ.

ರೇಷ್ಮೆಹುಳದ ಕಾಯಿಲೆ

ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ತಲೆಯೆತ್ತಿದ್ದು 1901ರಲ್ಲಿ. ಅದೇ ವರ್ಷ ಜಪಾನಿನಲ್ಲಿ ಶಿಗೆತಾನೆ ಇಶಿವಾಟ ಎಂಬ ವಿಜ್ಞಾನಿ ರೇಷ್ಮೆಹುಳಗಳ ವಿಚಿತ್ರ ಕಾಯಿಲೆಯೊಂದನ್ನು ಪರಿಶೀಲಿಸುತ್ತಿದ್ದರು. ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳಗಳು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದವು. ಸತ್ತ ಹುಳಗಳಿಂದ ಅವರು ದಂಡಾಕಾರದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ರೇಷ್ಮೆ ಸಾಕುವವರಿಗೆ ಅದು ಶತ್ರು. ಹತ್ತು ವರ್ಷಗಳ ನಂತರ, 1911ರಲ್ಲಿ, ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಅಂಥದೇ ಬ್ಯಾಕ್ಟೀರಿಯಾವನ್ನು ಹಿಟ್ಟಿನ ಪತಂಗದ ಮರಿಹುಳದಲ್ಲಿ ಕಂಡರು. ಹುಳ ಸಿಕ್ಕಿದ್ದು ಥುರಿಂಗಿಯಾ ಪ್ರಾಂತದಲ್ಲಿ. ಆದ್ದರಿಂದ ಆ ಬ್ಯಾಕ್ಟೀರಿಯಾಕ್ಕೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಹೆಸರು ಬಂತು. ಪತ್ರಿಕೆಗಳಲ್ಲಿ ನೀವು ಓದುವ ‘ಬಿಟಿ’ ಎಂಬ ಎರಡಕ್ಷರ ಇದರ ಸಂಕ್ಷಿಪ್ತ ರೂಪ.

ಬರ್ಲಿನರ್ ಯೋಚಿಸಿದ ರೀತಿಯನ್ನು ಗಮನಿಸಿ. ರೇಷ್ಮೆಹುಳಕ್ಕೆ ಶತ್ರುವಾದದ್ದು ಬೆಳೆ ತಿನ್ನುವ ಹುಳಕ್ಕೂ ಶತ್ರುವಾದರೆ ಅದು ಕೃಷಿಕನಿಗೆ ಮಿತ್ರನಲ್ಲವೇ? 1938ರಲ್ಲಿ ಫ್ರಾನ್ಸಿನಲ್ಲಿ ಈ ಬ್ಯಾಕ್ಟೀರಿಯಾದಿಂದ ತಯಾರಿಸಿದ ಕೀಟನಾಶಕ ಮಾರುಕಟ್ಟೆಗೆ ಬಂತು. ಇಂದಿಗೂ ಸಾವಯವ ಕೃಷಿಕರು ಇದರ ಪುಡಿಯನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸುವುದುಂಟು.

ಹುಳ ಸಾಯುವುದು ಹೇಗೆ? ಈ ಬ್ಯಾಕ್ಟೀರಿಯಾ ಬೀಜಕವಾಗಿ ಮಾರ್ಪಡುವಾಗ ತನ್ನೊಳಗೆ ಪ್ರೋಟೀನಿನ ಒಂದು ಹರಳನ್ನು ಕಟ್ಟುತ್ತದೆ. ಮರಿಹುಳದ ಕರುಳಿನಲ್ಲಿ ಕ್ಷಾರದ ಅಂಶ ಹೆಚ್ಚು. ಅಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನು ಕರುಳಿನ ಗೋಡೆಯ ನಿರ್ದಿಷ್ಟ ಅಣುಗಳಿಗೆ ಅಂಟಿಕೊಂಡು ರಂಧ್ರ ಮಾಡುತ್ತದೆ. ಹುಳ ತಿನ್ನುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಮನುಷ್ಯನ ಜಠರದಲ್ಲಿರುವುದು ಆಮ್ಲ. ಪ್ರೋಟೀನು ಅಂಟಿಕೊಳ್ಳಲು ಬೇಕಾದ ಆ ಅಣುಗಳೂ ನಮ್ಮ ಕರುಳಿನಲ್ಲಿ ಇಲ್ಲ. ಒಂದೇ ವಸ್ತು ಒಬ್ಬರಿಗೆ ವಿಷ, ಮತ್ತೊಬ್ಬರಿಗೆ ಬರಿಯ ಪ್ರೋಟೀನು ಆಗುವುದು ಹೀಗೆ.

ಹರಳಿನ ಸುಳಿವು 1950ರ ದಶಕದಲ್ಲಿ ಸ್ಪಷ್ಟವಾಯಿತು. ಆ ದಶಕವೇ ವಿಶಿಷ್ಟವಾದುದು. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ತೆರೆದದ್ದು 1953ರಲ್ಲಿ. ಅದೇ ವರ್ಷ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ಅಣುವಿನ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದರು. ವಂಶವಾಹಿ ಎಂದರೆ ಬರಿಯ ಊಹೆಯಲ್ಲ, ಅದೊಂದು ಓದಬಹುದಾದ ಬರಹ ಎಂಬುದು ಆಗ ತಿಳಿಯಿತು. 1981ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ನೆಫ್ ಮತ್ತು ಹೆಲನ್ ವೈಟ್ಲಿ ಎಂಬ ವಿಜ್ಞಾನಿಗಳು ಹರಳಿನ ಪ್ರೋಟೀನಿಗೆ ಕಾರಣವಾದ ವಂಶವಾಹಿಯನ್ನು ಬೇರ್ಪಡಿಸಿ, ಇ. ಕೋಲಿ ಎಂಬ ಬೇರೊಂದು ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಆ ಬ್ಯಾಕ್ಟೀರಿಯಾವೂ ಅದೇ ಪ್ರೋಟೀನನ್ನು ತಯಾರಿಸಿತು.

ನಂಬದೆ ಹೊರಟ ವಿಜ್ಞಾನಿ

ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ವಂಶವಾಹಿ ಹೋಗುವುದು ಹೊಸದೇನಲ್ಲ. ಅದನ್ನು 1928ರಲ್ಲಿಯೇ ಗ್ರಿಫಿತ್ ಎಂಬ ವೈದ್ಯ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದ್ದರು. ಆದರೆ ಬ್ಯಾಕ್ಟೀರಿಯಾದ ವಂಶವಾಹಿ ಗಿಡದೊಳಗೆ ಹೋಗಬಲ್ಲುದೇ? ಈ ಪ್ರಶ್ನೆಗೆ ಉತ್ತರ ಕಂಡವರಲ್ಲಿ ಮುಖ್ಯರಾದವರು ಮೇರಿ-ಡೆಲ್ ಚಿಲ್ಟನ್. ಇವರ ಸಂಶೋಧನಾ ಜೀವನ ನಿಮ್ಮಂಥ ವಿದ್ಯಾರ್ಥಿಗಳಿಗೆ ಒಂದು ಪಾಠ.

1939ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಚಿಲ್ಟನ್, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರ ವಿಷಯ ಗಿಡವಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಹೊರಗಿನ ಡಿ.ಎನ್.ಎ.ಯನ್ನು ಒಳಗೆಳೆದುಕೊಂಡು ತನ್ನ ಗುಣವನ್ನು ಬದಲಿಸಿಕೊಳ್ಳುವುದು ಹೇಗೆ ಎಂಬುದು. ಮುಂದೆ ಸಿಯಾಟಲ್‌ಗೆ ಬಂದಾಗ ಅವರಿಗೆ ಒಂದು ವಿಚಿತ್ರ ವಾದ ಎದುರಾಯಿತು. ಕೆಲವು ಗಿಡಗಳ ಕಾಂಡ ನೆಲಕ್ಕೆ ತಾಗುವಲ್ಲಿ ಗಂಟು ಬೆಳೆಯುತ್ತದೆ. ಅದಕ್ಕೆ ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಕಾರಣ ಎಂಬುದು 1907ರಿಂದಲೇ ತಿಳಿದಿತ್ತು. ವಿಚಿತ್ರವೆಂದರೆ ಬ್ಯಾಕ್ಟೀರಿಯಾವನ್ನು ಕೊಂದ ಮೇಲೂ ಗಂಟು ಬೆಳೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾ ತನ್ನ ಡಿ.ಎನ್.ಎ.ಯನ್ನು ಗಿಡಕ್ಕೆ ದಾಟಿಸುವುದೇ ಇದಕ್ಕೆ ಕಾರಣ ಎಂದು ಕೆಲವರು ಬರೆದಿದ್ದರು. ಚಿಲ್ಟನ್ ಅದನ್ನು ನಂಬಲಿಲ್ಲ. ಅವರು ಕೆಲಸಕ್ಕೆ ಇಳಿದದ್ದೇ ಈ ವಾದ ತಪ್ಪೆಂದು ತೋರಿಸಲು.

ಅಷ್ಟರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಜೆಫ್ ಶೆಲ್ ಮತ್ತು ಮಾರ್ಕ್ ವಾನ್ ಮೊಂಟಾಗು ಅವರ ತಂಡ, ಗಂಟು ತರುವ ಶಕ್ತಿ ಇರುವುದು ಈ ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಲ್ಲ, ಅದರ ಜೊತೆಗಿರುವ ಉಂಗುರದಂಥ ಪುಟ್ಟ ಡಿ.ಎನ್.ಎ.ಯಲ್ಲಿ ಎಂದು 1974ರಲ್ಲಿ ತೋರಿಸಿತು. ಇಂಥ ಉಂಗುರಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಸಿಯಾಟಲ್‌ನ ತಂಡ ಆ ಪ್ಲಾಸ್ಮಿಡ್ಡನ್ನು ತುಂಡು ತುಂಡಾಗಿಸಿ, ಗಂಟಿನ ಕೋಶಗಳಲ್ಲಿ ಯಾವ ತುಂಡಾದರೂ ಇದೆಯೇ ಎಂದು ಹುಡುಕಿತು. 1977ರಲ್ಲಿ ಉತ್ತರ ಸಿಕ್ಕಿತು. ಉಂಗುರದ ಒಂದು ಸಣ್ಣ ಭಾಗ ಗಿಡದ ಕೋಶದಲ್ಲಿ ಇತ್ತು! ತಪ್ಪೆಂದು ತೋರಿಸಲು ಹೊರಟ ಚಿಲ್ಟನ್ ಅವರೇ ಆ ವಾದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ವಿಜ್ಞಾನಿಯ ಸಂದೇಹ ಹಟವಲ್ಲ. ಸಂದೇಹಪಟ್ಟವನು ಪ್ರಯೋಗ ಮಾಡುತ್ತಾನೆ. ಪ್ರಯೋಗ ಹೇಳಿದ್ದನ್ನು ಒಪ್ಪುತ್ತಾನೆ. ಒಪ್ಪಲಾರದವನ ಸಂದೇಹ ಬರಿಯ ಪೂರ್ವಗ್ರಹ. ಮುಂದೆ ನಾವು ನೋಡಲಿರುವ ವಿವಾದದಲ್ಲಿ ಎರಡೂ ಕಡೆಯವರಿಗೆ ಈ ಮಾತು ಅನ್ವಯಿಸುತ್ತದೆ.

ಬ್ಯಾಕ್ಟೀರಿಯಾ ತನ್ನ ವಂಶವಾಹಿಯನ್ನು ಗಿಡಕ್ಕೆ ಸಾಗಿಸಬಲ್ಲುದಾದರೆ, ಅದು ಸಾಗಿಸುವ ಮೂಟೆಯಲ್ಲಿ ಗಂಟಿನ ವಂಶವಾಹಿಯನ್ನು ತೆಗೆದು ನಮಗೆ ಬೇಕಾದುದನ್ನು ಇಡಬಹುದಲ್ಲವೇ? 1983ರ ಆರಂಭದಲ್ಲಿ ಮಯಾಮಿಯಲ್ಲಿ ನಡೆದ ಒಂದೇ ಸಮ್ಮೇಳನದಲ್ಲಿ ಮೂರು ತಂಡಗಳು ಇದನ್ನು ಸಾಧಿಸಿದ್ದಾಗಿ ವರದಿ ಮಾಡಿದವು. ಒಂದು ಚಿಲ್ಟನ್ ಅವರದು, ಇನ್ನೊಂದು ಗೆಂಟ್‌ನ ತಂಡ, ಮತ್ತೊಂದು ಮಾನ್ಸಾಂಟೊ ಕಂಪನಿಯದು. ಅದೇ ವರ್ಷ ಚಿಲ್ಟನ್ ವಿಶ್ವವಿದ್ಯಾಲಯ ಬಿಟ್ಟು ಸೀಬಾ-ಗೈಗಿ ಕಂಪನಿ ಸೇರಿದರು. ಕಾಲೇಜಿನ ಪ್ರಯೋಗಾಲಯದ ಜ್ಞಾನ ಕಂಪನಿಯ ಅಂಗಳಕ್ಕೆ ಕಾಲಿಟ್ಟ ಕಾಲವದು. 1987ರಲ್ಲಿ ಬಿಟಿ ವಂಶವಾಹಿಯನ್ನು ಹೊತ್ತ ತಂಬಾಕಿನ ಗಿಡ ತನ್ನನ್ನು ತಿನ್ನಲು ಬಂದ ಹುಳವನ್ನು ತಾನೇ ಕೊಂದಿತು. 2013ರಲ್ಲಿ ಚಿಲ್ಟನ್, ವಾನ್ ಮೊಂಟಾಗು ಮತ್ತು ಮಾನ್ಸಾಂಟೊದ ರಾಬರ್ಟ್ ಫ್ರೇಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ಮನುಷ್ಯ ಮಾಡಿದ್ದು ಪ್ರಕೃತಿಗೆ ತೀರ ಹೊರತಾದುದೇ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಲ್ಲರನ್ನೂ ಬೆರಗುಗೊಳಿಸಿತು. ನಾವು ಬೇಯಿಸಿ ತಿನ್ನುವ ಸಿಹಿಗೆಣಸಿನಲ್ಲಿ ಆಗ್ರೋಬ್ಯಾಕ್ಟೀರಿಯಂನ ವಂಶವಾಹಿಗಳಿವೆ! ಎಷ್ಟೋ ಸಾವಿರ ವರ್ಷಗಳ ಹಿಂದೆ ಯಾವ ವಿಜ್ಞಾನಿಯ ನೆರವೂ ಇಲ್ಲದೆ ಅವು ಅಲ್ಲಿ ಸೇರಿಕೊಂಡಿವೆ. ಹಾಗೆಂದ ಮಾತ್ರಕ್ಕೆ ಪ್ರಯೋಗಾಲಯದಿಂದ ಬಂದುದೆಲ್ಲ ತಾನಾಗಿಯೇ ಸುರಕ್ಷಿತ ಎಂದಾಗುವುದಿಲ್ಲ. ಪ್ರತಿಯೊಂದನ್ನೂ ಅದರದರ ಗುಣದ ಮೇಲೆ ಪರೀಕ್ಷಿಸಬೇಕು ಎಂಬುದಷ್ಟೇ ಇದರ ಪಾಠ.

ಗುಳ್ಳದ ಗಿಡಕ್ಕೆ ಬಂದ ಅತಿಥಿ

ಬದನೆ ಬೆಳೆಯುವವರ ದೊಡ್ಡ ವೈರಿ ಕಾಯಿ ಮತ್ತು ಕುಡಿ ಕೊರೆಯುವ ಹುಳ. ಮೊದಲು ಎಳೆಯ ಕುಡಿಯನ್ನು ಕೊರೆಯುತ್ತದೆ; ಕುಡಿ ಬಾಡಿ ಜೋತುಬೀಳುತ್ತದೆ. ಆಮೇಲೆ ಕಾಯಿಯ ಒಳಹೊಕ್ಕು ಕೂರುತ್ತದೆ. ಒಳಗೆ ಕೂತ ಹುಳಕ್ಕೆ ಹೊರಗಿನ ಔಷಧ ತಾಗದು. ಆದ್ದರಿಂದ ಬೆಳೆಗಾರರು ಮತ್ತೆ ಮತ್ತೆ ಸಿಂಪಡಿಸುತ್ತಾರೆ. ವಿಷ ಅವರ ಮೈಗೂ ತಗಲುತ್ತದೆ, ನಮ್ಮ ಅಡಿಗೆಮನೆಗೂ ಬರುತ್ತದೆ. ಬಿಟಿ ಬದನೆಯ ಬಗ್ಗೆ ಮಾತಾಡುವವರು ಈ ಕಷ್ಟವನ್ನು ಮರೆಯಬಾರದು.

ಮಹಾರಾಷ್ಟ್ರದ ಮಹಿಕೊ ಕಂಪನಿ ಆಗ್ರೋಬ್ಯಾಕ್ಟೀರಿಯಂನ ನೆರವಿನಿಂದ ಬಿಟಿ ವಂಶವಾಹಿಯನ್ನು ಬದನೆಗೆ ಸೇರಿಸಿತು. ಇಶಿವಾಟ ಕಂಡ ಬಗೆಯ ಬ್ಯಾಕ್ಟೀರಿಯಾ ವಂಶವಾಹಿಯನ್ನು ಕೊಟ್ಟಿತು, ಚಿಲ್ಟನ್ ಅಭ್ಯಸಿಸಿದ ಬ್ಯಾಕ್ಟೀರಿಯಾ ಅದನ್ನು ಹೊತ್ತು ತಂದಿತು. 2005ರ ಒಂದು ಒಪ್ಪಂದದಂತೆ ಈ ತಂತ್ರಜ್ಞಾನ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೂ ಬಂತು. ಧಾರವಾಡದವರು ಕರ್ನಾಟಕದಲ್ಲಿ ಬೆಳೆಯುವ ಆರು ತಳಿಗಳನ್ನು ಆರಿಸಿಕೊಂಡರು. ಮಾಳಾಪುರ, ಕುಡಚಿ, ರಬಕವಿ, ಮಂಜರಿಗೋಟ ಮುಂತಾದವುಗಳ ಜೊತೆಗೆ ಉಡುಪಿ ಗುಳ್ಳವೂ ಅದರಲ್ಲಿ ಒಂದು.

ಗುಳ್ಳವನ್ನು ಬಿಟಿ ಗುಳ್ಳ ಮಾಡುವುದು ಹೇಗೆ? ವಂಶವಾಹಿ ಇರುವ ಬದನೆಯೊಂದಿಗೆ ಗುಳ್ಳವನ್ನು ಸಂಕರ ಮಾಡುತ್ತಾರೆ. ಹುಟ್ಟಿದ ಗಿಡದಲ್ಲಿ ಗುಳ್ಳದ ಪಾಲು ಅರ್ಧ. ಅದನ್ನು ಮತ್ತೆ ಗುಳ್ಳದೊಂದಿಗೆ ಸಂಕರ ಮಾಡಿದರೆ ಮುಕ್ಕಾಲು. ಮತ್ತೊಮ್ಮೆ ಮಾಡಿದರೆ ಶೇಕಡಾ 87.5. ಹೀಗೆ ಆರು ಸಲ ಹಿಂದಕ್ಕೆ ಸಂಕರ ಮಾಡಿದರೆ ಸರಾಸರಿ ಶೇಕಡಾ 99ಕ್ಕೂ ಹೆಚ್ಚು ಪಾಲು ಗುಳ್ಳವೇ ಆಗಿರುತ್ತದೆ. ಹೊರಗಿನ ವಂಶವಾಹಿ ಮಾತ್ರ ಉಳಿದಿರುತ್ತದೆ. ಕಾಗದ, ಪೆನ್ಸಿಲು ಹಿಡಿದು ನೀವೇ ಲೆಕ್ಕ ಹಾಕಿ ನೋಡಿ. ಪ್ರತಿ ಸಲವೂ ಉಳಿದದ್ದರ ಅರ್ಧ ಕಡಿಮೆಯಾಗುತ್ತ ಹೋಗುತ್ತದೆ.

ತಡೆಯಾಜ್ಞೆಯ ವರ್ಷ

ಕುಲಾಂತರಿ ಬೆಳೆಗಳ ವಿವಾದ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟಿತ್ತು. ಆದರೂ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಹತ್ತಿ ಉಡುವುದು, ಬದನೆ ಉಣ್ಣುವುದು. 2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿದಾಗ ಚರ್ಚೆ ದೇಶವ್ಯಾಪಿಯಾಯಿತು.

ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆಗಳನ್ನು ನಡೆಸಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಒಟ್ಟು ಸುಮಾರು 8,000 ಜನ ಭಾಗವಹಿಸಿದರು. ಒಂದು ವಂಶವಾಹಿಯ ಬಗ್ಗೆ ರೈತರು, ವೈದ್ಯರು, ವಿಜ್ಞಾನಿಗಳು, ಗೃಹಿಣಿಯರು ಒಂದೇ ಸೂರಿನಡಿ ವಾದಿಸಿದ್ದು ನಮ್ಮ ದೇಶದ ವಿಜ್ಞಾನದ ಇತಿಹಾಸದಲ್ಲಿ ಅಪರೂಪದ ಘಟನೆ.

ಎರಡೂ ಕಡೆಯ ವಾದಗಳಲ್ಲಿ ತೂಕವಿತ್ತು. ಪರವಾಗಿದ್ದವರು ಹೇಳಿದರು: ವಿಷದ ಸಿಂಪಡಣೆ ಕಡಿಮೆಯಾಗುತ್ತದೆ, ಬೆಳೆಗಾರನ ಖರ್ಚು ಇಳಿಯುತ್ತದೆ, ವಿಶ್ವವಿದ್ಯಾಲಯದ ತಳಿಗಳ ಬೀಜವನ್ನು ರೈತರು ತಾವೇ ಎತ್ತಿಟ್ಟುಕೊಳ್ಳಬಹುದು. ವಿರೋಧಿಸಿದವರು ಹೇಳಿದರು: ಭಾರತ ಬದನೆಯ ವೈವಿಧ್ಯದ ತವರು, ಜೇನುನೊಣ ಪರಾಗವನ್ನು ಹೊತ್ತೊಯ್ದರೆ ನಾಟಿ ತಳಿಗಳಿಗೂ ಕಾಡು ಬದನೆಗಳಿಗೂ ಹೊಸ ವಂಶವಾಹಿ ಸೇರಬಹುದು, ಕಂಪನಿಯೇ ಮಾಡಿಸಿದ ಪರೀಕ್ಷೆಗಳನ್ನು ಮಾತ್ರ ನಂಬುವುದು ಹೇಗೆ? ಹೈದರಾಬಾದಿನ ಜೀವಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ಸ್ಥಾಪಕರಾದ ಡಾ. ಪಿ.ಎಂ. ಭಾರ್ಗವ ಅವರಂಥ ಹಿರಿಯ ವಿಜ್ಞಾನಿಗಳೇ ಸ್ವತಂತ್ರ ಪರೀಕ್ಷೆ ಬೇಕೆಂದು ಒತ್ತಾಯಿಸಿದರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯ ಸರ್ಕಾರಗಳು ಅವಸರ ಬೇಡವೆಂದವು. ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಗೆ ತಡೆ ಘೋಷಿಸಿದರು.

ಆದರೆ ಗುಳ್ಳ ಕೇವಲ ತರಕಾರಿಯಲ್ಲ, ಅದು ಮಟ್ಟುವಿನ ಹೆಸರು. 2011ರಲ್ಲಿ ‘ಉಡುಪಿ ಮಟ್ಟುಗುಳ್ಳ’ಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ನೆಲದಲ್ಲಿ ಬೆಳೆದ ಆ ತಳಿಗೆ ಮಾತ್ರ ಆ ಹೆಸರು ಎಂದು ಇದರ ಅರ್ಥ. ಬೇರೆ ಕಡೆಯ ಹಸಿರು ಬದನೆಯನ್ನು ಗುಳ್ಳವೆಂದು ಮಾರುವುದನ್ನು ತಡೆಯಲು ಬೆಳೆಗಾರರ ಸಂಘ ಕಾಯಿಗಳಿಗೆ ಚೀಟಿ ಅಂಟಿಸುವ ಕ್ರಮವನ್ನೂ ತಂದಿತು.

ತಳಿ ಯಾರದು?

ಈಗ ಮೊದಲು ನೆನಪಿಡಲು ಹೇಳಿದ ಮಾತಿಗೆ ಬರೋಣ. ಹೆಸರಿಲ್ಲದ ಕೃಷಿಕರು ಕಡೆದ ತಳಿ ಯಾರ ಸ್ವತ್ತು?

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ, ವಿದೇಶೀ ಪಾಲುದಾರಿಕೆಯಿರುವ ಸಂಸ್ಥೆಗಳು ನಮ್ಮ ಜೀವಸಂಪತ್ತನ್ನು ಸಂಶೋಧನೆಗೋ ವ್ಯಾಪಾರಕ್ಕೋ ಪಡೆಯಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕಿತ್ತು. ಸ್ಥಳೀಯ ಜನರೊಂದಿಗೆ ಲಾಭ ಹಂಚಿಕೊಳ್ಳಬೇಕು. ಬಿಟಿ ಬದನೆಗೆ ಸ್ಥಳೀಯ ತಳಿಗಳನ್ನು ಬಳಸುವಾಗ ಈ ಒಪ್ಪಿಗೆ ಪಡೆದಿರಲಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪಕ್ಕೆ ಒಳಗಾದವರು ಅದನ್ನು ಒಪ್ಪಲಿಲ್ಲ. ಇದು ಸಾರ್ವಜನಿಕ ಹಿತದ ಸಂಶೋಧನೆ ಎಂಬುದು ಅವರ ನಿಲುವು.

ಆ ಕಾಯಿದೆಯ ಕಲಮುಗಳು ಕಾನೂನು ಬಲ್ಲವರಿಗೆ ಇರಲಿ. ನಿಮಗೆ ಮುಖ್ಯವಾದುದು ಹಿಂದಿರುವ ಪ್ರಶ್ನೆ. ಒಂದು ವಂಶವಾಹಿಯನ್ನು ಸೇರಿಸಿದವರಿಗೆ ಹಕ್ಕು ಇರುವುದಾದರೆ, ಉಳಿದ ಸಾವಿರಾರು ವಂಶವಾಹಿಗಳನ್ನು ಒಂದೆಡೆ ಕೂಡಿಸಿ ಕಾಪಾಡಿದವರಿಗೆ ಏನೂ ಇಲ್ಲವೇ? ಬದನೆಯಲ್ಲಿ ಸುಮಾರು 35,000 ವಂಶವಾಹಿಗಳಿವೆ ಎಂದು 2019ರಲ್ಲಿ ಇಟಲಿಯ ವಿಜ್ಞಾನಿಗಳ ನೇತೃತ್ವದ ತಂಡ ಎಣಿಸಿತು. ಅವುಗಳಲ್ಲಿ ಕಂಪನಿ ಸೇರಿಸಿದ ವಂಶವಾಹಿ ಎಷ್ಟೆಂಬುದನ್ನು ಬೆರಳಲ್ಲಿ ಎಣಿಸಬಹುದು.

ಇತ್ತ ನಮ್ಮ ನೆರೆಯ ಬಾಂಗ್ಲಾದೇಶ 2013ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು, 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಹಂಚಿತು. ಅಲ್ಲಿ ಸಿಂಪಡಣೆ ಇಳಿದಿದೆ ಎಂದು ಅಧ್ಯಯನಗಳು ಹೇಳಿವೆ. ಆದರೆ ಗುಜರಾತಿನ ಹತ್ತಿಯ ಹೊಲಗಳು ಇನ್ನೊಂದು ಪಾಠ ಹೇಳಿವೆ. ಅಲ್ಲಿ ಗುಲಾಬಿ ಕಾಯಿಕೊರಕ ಬಿಟಿ ಪ್ರೋಟೀನಿಗೆ ಜಗ್ಗದಂತಾಗಿದೆ ಎಂಬುದನ್ನು ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಹುಳಕ್ಕೂ ವಂಶವಾಹಿಗಳಿವೆ, ಅದೂ ಬದಲಾಗುತ್ತದೆ. ಪ್ರಕೃತಿಯ ಆಟದಲ್ಲಿ ಕೊನೆಯ ದಾಳ ಯಾರ ಕೈಯಲ್ಲೂ ಇಲ್ಲ.

ಸಸ್ಯದ ಪುಸ್ತಕವನ್ನು ಓದುವುದು

ಒಂದು ವಂಶವಾಹಿಯನ್ನು ಹುಡುಕುವ ಕಾಲದಿಂದ ಎಲ್ಲ ವಂಶವಾಹಿಗಳನ್ನೂ ಓದುವ ಕಾಲಕ್ಕೆ ವಿಜ್ಞಾನ ಬಂದಿದೆ. ಜೀವಿಯೊಂದರ ಸಮಗ್ರ ಡಿ.ಎನ್.ಎ. ಬರಹಕ್ಕೆ ಜೀನೋಮ್ ಎಂದು ಹೆಸರು. ಇ. ಕೋಲಿಯ ಜೀನೋಮನ್ನು 1997ರಲ್ಲಿ ಓದಿ ಮುಗಿಸಿದರು. ಅದರಲ್ಲಿರುವುದು ಸುಮಾರು 46 ಲಕ್ಷ ಅಕ್ಷರ. 2005ರಲ್ಲಿ ಪೂರ್ಣಗೊಂಡ ಭತ್ತದ ಜೀನೋಮಿನಲ್ಲಿ ಸುಮಾರು 39 ಕೋಟಿ ಅಕ್ಷರ. ಭತ್ತದ 12 ವರ್ಣತಂತುಗಳಲ್ಲಿ 11ನೆಯದರ ಒಂದು ಭಾಗವನ್ನು ಓದಿದವರು ನಮ್ಮ ದೇಶದ ವಿಜ್ಞಾನಿಗಳು. 2012ರಲ್ಲಿ ಪ್ರಕಟವಾದ ಟೊಮೆಟೊ ಜೀನೋಮಿನಲ್ಲಿಯೂ ಭಾರತದ ಪಾಲಿದೆ. ಬದನೆಯ ಮೊದಲ ಕರಡನ್ನು 2014ರಲ್ಲಿ ಜಪಾನಿನವರು ಪ್ರಕಟಿಸಿದರು. ಭತ್ತದ ಸುಮಾರು ಮೂರು ಪಟ್ಟು ದೊಡ್ಡ ಪುಸ್ತಕ ಅದು.

ಈ ಓದಿನಿಂದ ಮಟ್ಟುವಿನ ಬೆಳೆಗಾರನಿಗೆ ಏನು ಪ್ರಯೋಜನ? ಎರಡನ್ನು ಹೇಳುತ್ತೇನೆ. ಒಂದು, ನಿಜವಾದ ಗುಳ್ಳ ಯಾವುದು, ನಕಲಿ ಯಾವುದು ಎಂಬುದನ್ನು ಡಿ.ಎನ್.ಎ. ಗುರುತಿನಿಂದ ತೀರ್ಮಾನಿಸಬಹುದು. ಚೀಟಿಯನ್ನು ನಕಲು ಮಾಡಬಹುದು, ಜೀನೋಮನ್ನು ಮಾಡಲಾಗದು. ಎರಡು, ಸೊರಗು ರೋಗ. ಕರಾವಳಿಯ ಹುಳಿ ಮಣ್ಣಿನಲ್ಲಿ ಹಸಿರಾಗಿದ್ದ ಬದನೆ ಗಿಡ ಇದ್ದಕ್ಕಿದ್ದಂತೆ ಬಾಡಿ ಬೀಳುವುದನ್ನು ನೀವು ಕಂಡಿರಬಹುದು. ಇದಕ್ಕೂ ಕಾರಣ ಒಂದು ಬ್ಯಾಕ್ಟೀರಿಯಾ, ಹೆಸರು ರಾಲ್‌ಸ್ಟೋನಿಯಾ. ಬಿಟಿ ವಂಶವಾಹಿ ಇದನ್ನು ತಡೆಯಲಾರದು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಂಪ್ರದಾಯಿಕ ಸಂಕರದಿಂದಲೇ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ ಎಂಬ ರೋಗ ತಡೆಯುವ ಬದನೆಗಳನ್ನು ಕೊಟ್ಟಿದ್ದಾರೆ. ಕಾಡು ಸುಂಡೆಯ ಬುಡಕ್ಕೆ ಬದನೆಯನ್ನು ಕಸಿ ಕಟ್ಟುವ ವಿಧಾನವೂ ಇದೆ. ರೋಗವನ್ನು ತಡೆಯುವ ವಂಶವಾಹಿ ಬದನೆಯ ಯಾವ ವರ್ಣತಂತುವಿನಲ್ಲಿದೆ ಎಂದು ತಿಳಿದರೆ, ಸಸಿ ಮಡಿಯಲ್ಲಿರುವಾಗಲೇ ಎಲೆಯ ತುಣುಕಿನಿಂದ ಒಳ್ಳೆಯದನ್ನು ಆರಿಸಬಹುದು. ಹೊರಗಿನ ವಂಶವಾಹಿಯ ಅಗತ್ಯವೇ ಇಲ್ಲ.

ಇತ್ತೀಚಿನ ಸಾಧನವಾದ ಕ್ರಿಸ್ಪರ್ ಎಂಬ ಜೀನ್ ಕತ್ತರಿಯೂ ಬ್ಯಾಕ್ಟೀರಿಯಾಗಳ ಕೊಡುಗೆಯೇ. ಜಪಾನಿನ ಇಶಿನೊ ಮತ್ತು ಸಂಗಡಿಗರು 1987ರಲ್ಲಿ ಇ. ಕೋಲಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಬರಹವನ್ನು ಕಂಡಿದ್ದರು. ಅದರ ಅರ್ಥ ಆಗ ಯಾರಿಗೂ ಆಗಿರಲಿಲ್ಲ. ಅದು ವೈರಸ್ಸುಗಳನ್ನು ಕತ್ತರಿಸಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಆಯುಧದ ಭಾಗ ಎಂದು ಮುಂದೆ ತಿಳಿಯಿತು. 2012ರಲ್ಲಿ ಶಾರ್ಪೆಂಟ್ಯೆ ಮತ್ತು ಡೌಡ್ನಾ ಆ ಆಯುಧವನ್ನು ಬೇಕಾದೆಡೆ ಡಿ.ಎನ್.ಎ. ಕತ್ತರಿಸುವ ಸಾಧನವಾಗಿಸಿ 2020ರಲ್ಲಿ ನೊಬೆಲ್ ಪಡೆದರು. ಅದೇ ವಿಧಾನದಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು 2025ರಲ್ಲಿ ನಮ್ಮ ದೇಶದಲ್ಲಿಯೇ ಪ್ರಕಟಿಸಲಾಯಿತು. ಅಂದರೆ ಗುಳ್ಳದ ಮುಂದೆ ಮತ್ತೆ ಹೊಸ ಪ್ರಶ್ನೆಗಳು ಬರಲಿವೆ. ಅವಕ್ಕೆ ಉತ್ತರ ಹೇಳಬೇಕಾದ ತಲೆಮಾರು ನಿಮ್ಮದು.

ನೀವು ಮಾಡಬಹುದಾದದ್ದು

ಇದಕ್ಕಾಗಿ ಸಿಯಾಟಲ್‌ಗೆ ಹೋಗಬೇಕಾಗಿಲ್ಲ. ಸೊರಗಿದ ಬದನೆ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂಥದು ಕೆಳಗಿಳಿದರೆ ನೀವು ನೋಡುತ್ತಿರುವುದು ಲಕ್ಷಾಂತರ ಬ್ಯಾಕ್ಟೀರಿಯಾಗಳನ್ನು. ನಿಮ್ಮ ಅಜ್ಜಿ ಯಾವ ಯಾವ ತರಕಾರಿಯ ಬೀಜವನ್ನು ಬೂದಿಯಲ್ಲಿ ಕಾಪಿಡುತ್ತಿದ್ದರು ಎಂದು ಕೇಳಿ ಬರೆದಿಡಿ. ಪ್ರತಿ ಪಂಚಾಯತಿಯಲ್ಲಿಯೂ ಜನತಾ ಜೀವವೈವಿಧ್ಯ ದಾಖಲೆ ಇರಬೇಕೆಂದು ಕಾನೂನು ಹೇಳುತ್ತದೆ. ನಿಮ್ಮ ಊರಿನದರಲ್ಲಿ ಆ ತಳಿಗಳ ಹೆಸರು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಸೇರಿಸಲು ಹೇಳಿ. ಬರೆಯದೆ ಹೋದ ತಳಿಗೆ ಮುಂದೆ ಯಾರು ಬೇಕಾದರೂ ಒಡೆಯರಾಗಬಹುದು.

ಬಿಟಿ ಬದನೆ ಸರಿಯೋ ತಪ್ಪೋ ಎಂದು ಈ ಪುಟಗಳಲ್ಲಿ ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಚಿಲ್ಟನ್ ತಮ್ಮ ಸಂದೇಹವನ್ನು ಪ್ರಯೋಗಕ್ಕೆ ಒಡ್ಡಿದರು. ಮಟ್ಟುವಿನ ಕೃಷಿಕರು ತಮ್ಮ ಬೀಜವನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದರು. ಮೊದಲನೆಯದು ವಿಜ್ಞಾನ, ಎರಡನೆಯದು ಬರಿಯ ರೂಢಿ ಎಂದು ಎಣಿಸದಿರಿ. ಎರಡೂ ಎಚ್ಚರದಿಂದ ನೋಡಿದವರ ಕೆಲಸ. ಆ ಎಚ್ಚರ ನಿಮ್ಮಲ್ಲಿರಲಿ.